ಗಾಲಿಗೂ ಮುಪ್ಪುಂಟು

ವೈಶಾಖವೆಂದರೆ ನಮ್ಮ ಸಮಾಜದ ಮನೆಗಳಲ್ಲಿ ಸಂಚಾರದ ಮಾಸ. ಬಸವ ಜಯಂತಿ, ಜಾತ್ರೆ, ಮದುವೆ, ಗುರುಪ್ರವೇಶ ಇವೆಲ್ಲ ಒಂದರ ಬೆನ್ನಿಗೊಂದು ಬರುತ್ತವೆ. ವರ್ಷವಿಡೀ ಅಂಗಳದಲ್ಲಿ ನಿಂತೇ ಇದ್ದ ಕಾರು ಆಗ ಹೊರಬೀಳುತ್ತದೆ. ಐವರು ಕುಳಿತುಕೊಳ್ಳುವಲ್ಲಿ ಏಳು ಜನ ಕೂಡುತ್ತಾರೆ. ಹಿಂದಿನ ಡಿಕ್ಕಿಯಲ್ಲಿ ಬುತ್ತಿಯ ಗಂಟು, ಆಯೇರಿಯ ಗಂಟು, ನೀರಿನ ಕ್ಯಾನು. ಮುಹೂರ್ತ ತಪ್ಪಬಾರದೆಂದು ಮಧ್ಯಾಹ್ನದ ಉರಿಬಿಸಿಲಿನಲ್ಲಿಯೇ ಹೊರಡುತ್ತಾರೆ. ವರ್ಷದ ಅತ್ಯಂತ ಬಿಸಿಯಾದ ದಿನಗಳು, ಅತ್ಯಂತ ಭಾರವಾದ ಹೊರೆ, ಅತ್ಯಂತ ಅವಸರದ ಪ್ರಯಾಣ ಈ ಮೂರೂ ನಮ್ಮಲ್ಲಿ ಒಂದೇ ತಿಂಗಳಿನಲ್ಲಿ ಕೂಡಿ ಬರುತ್ತವೆ. ಆದರೆ ಈ ಮೂರನ್ನೂ ಹೊರುವ ಆ ನಾಲ್ಕು ಟೈರುಗಳ ಕಡೆಗೆ ಮನೆಯ ಹಿರಿಯರಲ್ಲಿ ಯಾರ ಲಕ್ಷ್ಯವೂ ಇರುವುದಿಲ್ಲ. ನಮ್ಮ ಲಕ್ಷ್ಯವೂ ಇರಲಿಲ್ಲ.

ವಚನಾರ್ಥ ಚಿಂತನೆಯನ್ನು ನಿರೀಕ್ಷಿಸಿ ಈ ಪುಟವನ್ನು ತೆರೆದ ಶರಣಬಂಧುಗಳಿಗೆ ಟೈರಿನ ಮಾತು ವಿಚಿತ್ರವೆನಿಸಬಹುದು. ಮಠದಲ್ಲಿ ಓದಿ ಬೆಳೆದ ನಮಗೂ ಇದು ಅಭ್ಯಾಸದ ವಿಷಯವಲ್ಲ. ಆದರೂ 2024ರ ಬಸವ ಜಯಂತಿಯ ಹೊತ್ತಿನಲ್ಲಿ ನಮಗೆ ಒದಗಿದ ಪ್ರಸಂಗವನ್ನು ಹೇಳದೆ ಇದ್ದರೆ, ತಿಳಿದದ್ದನ್ನು ಮುಚ್ಚಿಟ್ಟ ದೋಷ ನಮಗೆ ತಟ್ಟೀತು.

ನಮ್ಮಲ್ಲಿರುವ ಕಾರು ನಾವು ಕೊಂಡದ್ದಲ್ಲ. ಊರೂರಿಗೆ ಪ್ರವಚನಕ್ಕೆ ಹೋಗಿಬರಲು ಬಸ್ಸಿನಲ್ಲಿ ಕಷ್ಟಪಡುತ್ತಿರುವುದನ್ನು ನೋಡಿದ ಕೆಲವು ಭಕ್ತರು 2016ರಲ್ಲಿ ಕೂಡಿ ಕೊಡಿಸಿದ್ದು. ಕೊಟ್ಟವರಲ್ಲಿ ಎರಡು ಎಕರೆಯ ಒಕ್ಕಲಿಗರೂ ಇದ್ದರು, ಕಿರಾಣಿ ಅಂಗಡಿಯವರೂ ಇದ್ದರು. ಹೀಗಾಗಿ ಆ ಕಾರಿಗೆ ಒಂದು ರೂಪಾಯಿ ಖರ್ಚು ಮಾಡುವಾಗಲೂ ಅವರ ಮುಖಗಳು ನಮ್ಮ ಕಣ್ಣಿಗೆ ಬರುತ್ತಿದ್ದವು. ಎಂಟು ವರ್ಷಗಳಲ್ಲಿ ಅದು ಓಡಿದ್ದು 34 ಸಾವಿರ ಕಿಲೋಮೀಟರು ಮಾತ್ರ. ಕರೋನಾ ಕಾಲದ ಎರಡು ವರ್ಷಗಳಲ್ಲಂತೂ ಅದು ಅಂಗಳವನ್ನು ಬಿಟ್ಟು ಕದಲಿದ್ದೇ ಅಪರೂಪ.

ನಮ್ಮ ಚಾಲಕ ಪಕ್ಕದ ಓಣಿಯ ತರುಣ. 2023ರ ದೀಪಾವಳಿಯ ಹೊತ್ತಿಗೆ ಆತ ಒಮ್ಮೆ, “ಗುರುಗಳೇ, ಟೈರ್ ಹಳೇವಾಗ್ಯಾವ್ರೀ, ಬದಲಿ ಮಾಡಿಸೋಣೇನ್ರೀ?” ಎಂದು ಕೇಳಿದ್ದ. ನಾವು ಇಳಿದು ನೋಡಿದೆವು. ಚಾಲಕರು ಬಟನ್ ಎಂದು ಕರೆಯುವ ಆ ಉಬ್ಬುಗಳು ಚೆನ್ನಾಗಿಯೇ ಇದ್ದವು. ನಡುವಿನ ಗೀರುಗಳಲ್ಲಿ ಬೆರಳ ತುದಿ ಇಳಿಯುತ್ತಿತ್ತು. “ಸವೆಯದೆ ಇರುವುದನ್ನು ಎಸೆಯುವುದು ದಾಸೋಹದ ಹಣಕ್ಕೆ ಮಾಡುವ ಅಪಚಾರ” ಎಂದು ನಾವು ಆತನಿಗೆ ಒಂದು ಸಣ್ಣ ಪ್ರವಚನವನ್ನೇ ಮಾಡಿದೆವು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬನ್ನಿರೆಂದು ಕಳಿಸಿದ ಕಥೆಯನ್ನೂ ಹೇಳಿದೆವು. ಆತ ತಲೆಯಾಡಿಸಿ ಸುಮ್ಮನಾದ. ಗುರುಗಳ ಮಾತಿಗೆ ಎದುರಾಡುವ ಹುಡುಗನಲ್ಲ ಅವನು. ಎದುರಾಡಿದ್ದರೆ ಚೆನ್ನಾಗಿತ್ತು.

ಮತ್ತೊಂದು ತಪ್ಪು ಬೇಸಿಗೆಯಲ್ಲಿ ನಡೆಯಿತು, ಅದಕ್ಕೆ ನಮ್ಮ ಬಾಲ್ಯದ ನೆನಪೇ ಕಾರಣವಾಯಿತು. ನಾವು ಮಠದಲ್ಲಿದ್ದ ದಿನಗಳಲ್ಲಿ ಮಠಕ್ಕೆ ಒಂದು ಚಕ್ಕಡಿ ಇತ್ತು. ಅದರ ಗಾಲಿಗೆ ಕಬ್ಬಿಣದ ಹಳಿ ಏರಿಸುವ ದಿನ ಹುಡುಗರಿಗೆಲ್ಲ ಹಬ್ಬ. ಕಮ್ಮಾರರು ಹಳಿಯನ್ನು ನೆಲದ ಮೇಲಿಟ್ಟು ಸುತ್ತಲೂ ಕುಳ್ಳು ಜೋಡಿಸಿ ಬೆಂಕಿ ಹಾಕುವರು. ಕೆಂಪಗೆ ಕಾದು ಹಿಗ್ಗಿದ ಹಳಿಯನ್ನು ಇಕ್ಕಳದಿಂದ ಎತ್ತಿ ಕಟ್ಟಿಗೆಯ ಗಾಲಿಗೆ ತೊಡಿಸಿ ಮೇಲೆ ನೀರು ಹೊಯ್ದರೆ, ಚುಂಯ್ ಎಂದು ಸದ್ದು ಮಾಡುತ್ತ ಅದು ಕುಗ್ಗಿ ಗಾಲಿಯನ್ನು ಕಚ್ಚಿಕೊಳ್ಳುವುದು. ಕಾದದ್ದು ಹಿಗ್ಗುತ್ತದೆ ಎಂಬ ಪಾಠವನ್ನು ನಾವು ಪುಸ್ತಕಕ್ಕಿಂತ ಮೊದಲು ಆ ಬೆಂಕಿಯಲ್ಲಿ ಕಲಿತೆವು. ಆದುದರಿಂದ ಏಪ್ರಿಲ್ ತಿಂಗಳಿನಲ್ಲಿ ಚಾಲಕನು, “ಬ್ಯಾಸಿಗ್ಯಾಗ ಹವಾ ಹಿಗ್ಗತೈತ್ರೀ, ಟೈರ್ ಒಡೀತೈತಿ, ಸ್ವಲ್ಪ ಕಡಿಮಿ ಇಡೋಣ್ರೀ” ಎಂದಾಗ ನಮಗೆ ಅದು ಶಾಸ್ತ್ರಸಮ್ಮತವೆಂದೇ ತೋರಿತು. 33 ಇರಬೇಕಾದ ಒತ್ತಡವನ್ನು 26ಕ್ಕೆ ಇಳಿಸಲು ನಾವೇ ಒಪ್ಪಿಗೆ ಕೊಟ್ಟೆವು.

2024ರಲ್ಲಿ ಬಸವ ಜಯಂತಿ ಮೇ 10ಕ್ಕೆ ಬಂದಿತ್ತು. ಅದಕ್ಕೆ ಎರಡು ದಿನ ಮೊದಲು ವಿಜಯಪುರದಿಂದ ಸಿಂದಗಿಯ ಕಡೆಗೆ ಹೊರಟಿದ್ದೆವು. ಕಾರಿನಲ್ಲಿ ಚಾಲಕ, ನಾವು, ನಮ್ಮ ಮನೆಯವರು, ಒಂಬತ್ತು ವರ್ಷದ ಮೊಮ್ಮಗಳು, ಹಾರ್ಮೋನಿಯಮ್ ನುಡಿಸುವ ಗವಾಯಿಗಳು. ಹಿಂದೆ ಡಿಕ್ಕಿಯಲ್ಲಿ ಹಾರ್ಮೋನಿಯಮ್ಮು, ತಬಲಾ ಮತ್ತು ಹಂಚಲೆಂದು ತೆಗೆದುಕೊಂಡಿದ್ದ ವಚನ ಪುಸ್ತಕಗಳ ಮೂರು ಕಟ್ಟುಗಳು. ಮಧ್ಯಾಹ್ನ ಒಂದೂವರೆಯ ಸಮಯ. ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು.

ಸಿಡಿಲು ಬಡಿದಂತಹ ಸದ್ದಾಯಿತು. ಬಲಭಾಗದ ಹಿಂದಿನ ಟೈರು ಒಡೆದು ಕಾರು ಹಾವಿನಂತೆ ಹರಿದಾಡಿತು. ಎದುರಿನಿಂದ ಕಬ್ಬಿಣ ಹೇರಿದ ಒಂದು ಲಾರಿ ಬರುತ್ತಿತ್ತು. ಚಾಲಕ ಬ್ರೇಕನ್ನು ಒತ್ತಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಬಿಗಿಹಿಡಿದು ಕಾಲನ್ನು ಹಿಂದಕ್ಕೆ ತೆಗೆದುಬಿಟ್ಟ. ವೇಗ ತಾನಾಗಿ ಇಳಿದ ಮೇಲೆ ಮೆಲ್ಲಗೆ ಎಡಕ್ಕೆ ತಂದು ಜಾಲಿ ಮರದ ಕೆಳಗೆ ನಿಲ್ಲಿಸಿದ. ಗಾಬರಿಯಲ್ಲಿ ಬ್ರೇಕ್ ಒತ್ತಿದ್ದರೆ ಕಾರು ತಿರುಗಿ ಲಾರಿಯ ಅಡಿಗೆ ಹೋಗುತ್ತಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ನಮ್ಮ ಬಾಯಿಂದ ಬಂದದ್ದು ಲಿಂಗಯ್ಯನ ಹೆಸರು ಮಾತ್ರ. ಮೊಮ್ಮಗಳು ಎದ್ದು ಕುಳಿತು, “ಅಜ್ಜಾ, ಏನಾತು?” ಎಂದು ಕೇಳಿದಳು. ನಮ್ಮಿಂದ ಉತ್ತರ ಹೊರಡಲಿಲ್ಲ.

ಡಿಕ್ಕಿಯ ಗಂಟುಗಳನ್ನೆಲ್ಲ ಇಳಿಸಿ, ಕೆಳಗಿದ್ದ ಸ್ಟೆಪ್ನಿಯನ್ನು ತೆಗೆದು ತೊಡಿಸಿಕೊಂಡು, ನಿಧಾನವಾಗಿ ಮುಂದಿನ ಊರಿನ ಪಂಚರ್ ಅಂಗಡಿಯನ್ನು ಮುಟ್ಟಿದೆವು. ಅಂಗಡಿಯ ಹಿರಿಯರು ನಮಗಿಂತ ನಾಲ್ಕಾರು ವರ್ಷ ದೊಡ್ಡವರಿದ್ದಾರು. ಒಡೆದ ಟೈರನ್ನು ತಿರುವಿ ತಿರುವಿ ನೋಡಿದರು. ಅದರ ಮಗ್ಗುಲು ಸುತ್ತಲೂ ಹರಿದು ಒಳಗಿನ ನೂಲು ಹೊರಬಂದಿತ್ತು. ಉಳಿದ ಟೈರುಗಳ ಮಗ್ಗುಲಿಗೆ ಬೆರಳಿನಿಂದ ಒತ್ತಿ ತೋರಿಸಿದರು. ಬೇಸಿಗೆಯಲ್ಲಿ ಎರೆಹೊಲ ಬಿರಿಯುವಂತೆ ಸಣ್ಣ ಸಣ್ಣ ಬಿರುಕುಗಳು ಬಾಯ್ದೆರೆದವು. “ಯಜಮಾನ್ರ, ಬಟನ್ ಅದಾವ್ರೀ, ಆದ್ರ ಜೀವ ಇಲ್ರೀ” ಎಂದರು. ಆಮೇಲೆ ಒದ್ದೆ ಬಟ್ಟೆಯಿಂದ ಮಗ್ಗುಲನ್ನು ಒರೆಸಿ, ಮೊಟ್ಟೆಯಾಕಾರದ ಒಂದು ಸಣ್ಣ ಚೌಕಟ್ಟಿನಲ್ಲಿದ್ದ ನಾಲ್ಕು ಅಂಕಿಗಳನ್ನು ನಮ್ಮಿಂದಲೇ ಓದಿಸಿದರು: 1116. “ಇದು ಅದರ ಜಾತಕ ನೋಡ್ರೀ. 16ನೇ ಇಸ್ವಿ, 11ನೇ ವಾರ.” ನೂರಾರು ಶಾಸನಗಳ ಪಾಠವನ್ನು ಓದಿ ಕಾಲನಿರ್ಣಯ ಮಾಡಿದ್ದೇವೆಂದು ಹೆಮ್ಮೆಪಡುವ ನಾವು, ಎಂಟು ವರ್ಷ ನಮ್ಮ ಅಂಗಳದಲ್ಲಿಯೇ ಇದ್ದ ಈ ಲಿಪಿಯನ್ನು ಒಮ್ಮೆಯೂ ಓದಿರಲಿಲ್ಲ.

ಅಂದಿನ ಪ್ರವಚನ ಹೇಗೋ ಮುಗಿಯಿತು. ಮನೆಗೆ ಬಂದ ಮೇಲೆ ನಾವು ಪುನಃ ಖರ್ಚಿನ ಮಾತೆತ್ತಿ, ಒಡೆದ ಒಂದನ್ನು ಮಾತ್ರ ಕೊಂಡರೆ ಸಾಕಾಗದೇ ಎಂದೆವು. ಅಲ್ಲಿಯವರೆಗೆ ಸುಮ್ಮನಿದ್ದ ನಮ್ಮ ಮನೆಯವರು ಹೇಳಿದರು: “ಏನ್ರೀ, ಲಕ್ಕಮ್ಮ ತಾಯಿ ಹೆಚ್ಚಿನ ಅಕ್ಕಿ ಮರಳಿ ಸುರುವಿ ಬರ್ರೀ ಅಂದಳೇ ಹೊರತು, ಬೇಕಾದಷ್ಟು ಅಕ್ಕೀನೂ ಬ್ಯಾಡ ಅಂದಿಲ್ಲ. ಕೂಸಿನ ಜೀವಕ್ಕಿಂತ ಹೆಚ್ಚಿಂದೇನು ಉಳಿಸಾಕ ಹೊಂಟೀರಿ?” ನಲವತ್ತು ವರ್ಷಗಳಿಂದ ನಾವು ಹೇಳುತ್ತ ಬಂದ ಕಥೆಯ ಅರ್ಥವನ್ನು ನಮಗೇ ತಿದ್ದಿ ಹೇಳಿದಂತಾಯಿತು. ನಾವು ಮಿತವ್ಯಯವೆಂದು ತಿಳಿದದ್ದರಲ್ಲಿ ಅರ್ಧ ಮಿತವ್ಯಯವಿತ್ತು. ಇನ್ನರ್ಧ, ನಮ್ಮಷ್ಟು ಕಡಿಮೆ ಖರ್ಚಿನವರು ಯಾರಿದ್ದಾರೆ ಎಂಬ ಒಳಗಿನ ಬಿಂಕವೇ ಆಗಿತ್ತು. ಅದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಅಂದಿನಿಂದ ಒಂದು ತಿಂಗಳು ನಾವು ಟೈರಿನ ವಿದ್ಯಾರ್ಥಿಗಳಾದೆವು. ಕಾರಿನೊಂದಿಗೆ ಬಂದಿದ್ದ ಕೈಪಿಡಿಯನ್ನು ಮೊದಲ ಬಾರಿಗೆ ಬಿಚ್ಚಿದೆವು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಹಳೆಯ ಶಿಷ್ಯರೊಬ್ಬರು ಉಳಿದುದನ್ನು ಬಿಡಿಸಿ ಹೇಳಿದರು.

ಹವಾ ಹಿಗ್ಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಎಷ್ಟು? ಹತ್ತು ಡಿಗ್ರಿ ಕಾವು ಏರಿದರೆ ನಮ್ಮಂತಹ ಕಾರಿನ ಟೈರಿನಲ್ಲಿ ಒತ್ತಡ ಏರುವುದು ಸುಮಾರು ಒಂದೂವರೆ ಪಿ.ಎಸ್.ಐ. ಬೆಳಿಗ್ಗೆ 33 ಇದ್ದದ್ದು ದಾರಿಯಲ್ಲಿ 38–39 ಆದೀತು. ಟೈರನ್ನು ಮಾಡುವವರು ಈ ಏರಿಕೆಯನ್ನು ಲೆಕ್ಕದಲ್ಲಿ ಹಿಡಿದೇ ಮಾಡಿರುತ್ತಾರೆ. ಗಟ್ಟಿಯಾದ ಟೈರು ಅಷ್ಟಕ್ಕೆ ಒಡೆಯುವುದಿಲ್ಲ. ಒಡೆಯುವುದು ಹವಾ ಕಡಿಮೆಯಾದಾಗ. ಕಾರಿನ ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಹವಾ. ಅದು ಕಡಿಮೆಯಾದರೆ ನೆಲ ಮುಟ್ಟಿದಾಗಲೆಲ್ಲ ಟೈರಿನ ಮಗ್ಗುಲು ಬಾಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ನಮ್ಮ ಕಾರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 500 ಸಲ ಉರುಳುತ್ತದೆ. ಗಂಟೆಗೆ 80ರ ವೇಗದಲ್ಲಿ ಹೋದರೆ ಗಂಟೆಗೆ 40 ಸಾವಿರ ಸಲ ಹೀಗೆ ಬಾಗಿ ಏಳಬೇಕು. ಒಂದು ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಅದು ಕೈಗೆ ಬಿಸಿಯಾಗಿ ಕೊನೆಗೆ ತುಂಡಾಗುವುದನ್ನು ಮಕ್ಕಳೂ ಬಲ್ಲರು. ಟೈರಿನ ಮಗ್ಗುಲಿಗೂ ಅದೇ ಗತಿ. ಕಾದ ಡಾಂಬರು ರಸ್ತೆಯ ಮೇಲ್ಮೈ ನಮ್ಮ ಕಡೆಯ ಮಧ್ಯಾಹ್ನಗಳಲ್ಲಿ 60 ಡಿಗ್ರಿಯನ್ನು ಮೀರುತ್ತದೆ. ಹೊರಗಿನ ಆ ಕಾವಿನೊಡನೆ ಒಳಗಿನ ಈ ಕಾವೂ ಕೂಡಿದರೆ ರಬ್ಬರು ನೂಲಿನಿಂದ ಕಳಚಿಕೊಳ್ಳುತ್ತದೆ. ಚಕ್ಕಡಿಯ ಹಳಿಯ ಪಾಠವನ್ನು ನಾವು ಹೊಂದದ ಕಡೆಗೆ ಅನ್ವಯಿಸಿದ್ದೆವು.

ಆದುದರಿಂದ ಹವಾ ನೋಡಬೇಕಾದದ್ದು ಬೆಳಿಗ್ಗೆ, ಗಾಲಿ ತಂಪಾಗಿದ್ದಾಗ. ಎಷ್ಟಿರಬೇಕೆಂಬುದು ಚಾಲಕನ ಬದಿಯ ಬಾಗಿಲನ್ನು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ತುಂಬಿದ ಕಾರಿಗೆ ಹಿಂದಿನ ಗಾಲಿಗಳಿಗೆ ಎಷ್ಟೆಂಬುದನ್ನು ಹಲವು ಕಾರುಗಳಲ್ಲಿ ಬೇರೆಯಾಗಿಯೇ ಬರೆದಿರುತ್ತಾರೆ. ಟೈರಿನ ಮಗ್ಗುಲ ಮೇಲೆ ಬರೆದದ್ದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದು ಅರ್ಥವಲ್ಲ. ದಾರಿಯಲ್ಲಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಂಡಿತೆಂದು ಹವಾ ಬಿಡಿಸಬಾರದು. ಇಷ್ಟನ್ನು ಮದುವೆಯ ದಿಬ್ಬಣಕ್ಕೆ ಹೊರಡುವ ಪ್ರತಿಯೊಂದು ಮನೆಯವರೂ ನೆನಪಿಟ್ಟರೆ ಸಾಕೆಂದು ನಮಗೆ ಅನಿಸುತ್ತದೆ. ನೈಟ್ರೋಜನ್ ತುಂಬಿಸಿದರೆ ಟೈರು ತಂಪಾಗಿರುತ್ತದೆಂದು ಪೆಟ್ರೋಲ್ ಪಂಪುಗಳಲ್ಲಿ ಹೇಳುವುದುಂಟು. ನಾವು ಉಸಿರಾಡುವ ಗಾಳಿಯಲ್ಲಿಯೇ 78 ಭಾಗ ನೈಟ್ರೋಜನ್ ಇದೆ. ಅದು ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವವಿರುವುದಿಲ್ಲ, ಬೇಡವೆನ್ನಬೇಕಾಗಿಲ್ಲ. ಆದರೆ ಅದನ್ನು ತುಂಬಿಸಿದೆವೆಂದು ತಿಂಗಳುಗಟ್ಟಲೆ ಒತ್ತಡ ನೋಡದೆ ಇರುವವರಿಗಿಂತ, ಸಾದಾ ಹವಾ ತುಂಬಿಸಿ ಹದಿನೈದು ದಿನಕ್ಕೊಮ್ಮೆ ನೋಡುವವರೇ ಜಾಣರು.

ಇನ್ನು ಮುಪ್ಪಿನ ಮಾತು. ರಬ್ಬರಿಗೂ ಬಿಸಿಲಿಗೂ ಇರುವ ವೈರ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೇರಿಕದಲ್ಲಿ ಹಸಿ ರಬ್ಬರಿನಿಂದ ಮಾಡಿದ ಪಾದರಕ್ಷೆ, ಚೀಲಗಳು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿದ್ದವು, ಚಳಿಗಾಲದಲ್ಲಿ ಸೆಟೆದು ಸೀಳುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬವರು ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಹದಗೊಳ್ಳುವುದೆಂದು ಕಂಡುಕೊಂಡರು. 1888ರಲ್ಲಿ ಡನ್‌ಲಪ್ ಅವರು ಮಗನ ಮೂರು ಗಾಲಿಯ ಸೈಕಲ್ಲಿಗೆ ಹವಾ ತುಂಬಿದ ರಬ್ಬರನ್ನು ತೊಡಿಸಿದ ಕಥೆ ಪ್ರಸಿದ್ಧವೇ ಇದೆ. ಟೈರಿನ ಕಪ್ಪು ಬಣ್ಣವೂ ಚಂದಕ್ಕೆಂದು ಬಂದದ್ದಲ್ಲ. ಅದರಲ್ಲಿ ಬೆರೆಸುವ ಕಾಡಿಗೆಯಂತಹ ಇಂಗಾಲದ ಪುಡಿ ರಬ್ಬರಿಗೆ ಬಲ ಕೊಡುತ್ತದೆ, ಬಿಸಿಲಿನ ಕಿರಣಗಳನ್ನು ತಡೆಯುತ್ತದೆ. ನಮ್ಮ ನಾಡಿಗೂ ಈ ಉದ್ಯಮ ಹೊರಗಿನದಲ್ಲ. ಸುಳ್ಯ, ಪುತ್ತೂರುಗಳ ಕಡೆ ರಬ್ಬರು ಬೆಳೆಯುತ್ತಾರೆ. ಮೈಸೂರಿನಲ್ಲಿ ವಿಕ್ರಾಂತ್ ಎಂಬ ಹೆಸರಿನಿಂದ ಆರಂಭವಾದ ಟೈರು ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು.

ಶಿಷ್ಯರು ಹೇಳಿದ ಒಂದು ಮಾತು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ರಬ್ಬರಿನಲ್ಲಿ ಒಂದು ಬಗೆಯ ಮೇಣ ಹಾಗೂ ರಕ್ಷಕ ದ್ರವ್ಯಗಳನ್ನು ಬೆರೆಸಿರುತ್ತಾರಂತೆ. ಗಾಲಿ ಉರುಳುತ್ತ ಬಾಗಿ ಏಳುವಾಗ ಅವು ಒಳಗಿನಿಂದ ಮೇಲಕ್ಕೆ ಬಂದು, ವಾಯುವಿನಲ್ಲಿರುವ ಓಝೋನ್ ರಬ್ಬರನ್ನು ಸೀಳದಂತೆ ಕಾಯುತ್ತವೆ. ನಿಂತೇ ಇರುವ ಗಾಲಿಯಲ್ಲಿ ಅವು ಸರಿಯಾಗಿ ಮೇಲೇಳುವುದಿಲ್ಲ. ಬಿರುಕು ಬೇಗ ಬರುತ್ತದೆ. ಅಂದರೆ ಕಡಿಮೆ ಓಡಿದೆ, ಆದುದರಿಂದ ಹೊಸದರಂತಿದೆ ಎಂದು ನಾವು ತಿಳಿದದ್ದು ತಲೆಕೆಳಗಾದ ತಿಳಿವಳಿಕೆ. ಸ್ಥಾವರವಾಗಿ ನಿಂತದ್ದರಿಂದಲೇ ಅದಕ್ಕೆ ಅಳಿವು ಬೇಗ ಬಂದಿತು. ಈ ಮಾತನ್ನು ಟೈರಿಗೆ ಬಳಸಿದ್ದಕ್ಕೆ ಹಿರಿಯರು ಕ್ಷಮಿಸಬೇಕು, ಆದರೆ ಬೇರೆ ಮಾತು ನಮಗೆ ಹೊಳೆಯಲಿಲ್ಲ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಇದ್ದರೂ ತೆಗೆಯಲೇಬೇಕು ಎಂದು ಹಲವು ಟೈರು ತಯಾರಕರು ಹೇಳುತ್ತಾರೆ. ಕೆಲವು ಕಾರು ತಯಾರಕರು ಆರೇ ವರ್ಷ ಎನ್ನುತ್ತಾರೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಆರು ವರ್ಷದ ಮಾತೇ ಸರಿಯೆಂದು ನಮ್ಮ ಅಭಿಪ್ರಾಯ.

ಜೂನ್ ಮೊದಲ ವಾರ ಅಂಗಡಿಗೆ ಹೋದೆವು. ಹಳೆಯ ಟೈರಿನ ಮೇಲಿದ್ದುದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆವು: 165/80 ಆರ್ 14, 85 ಟಿ. ಇದು ಮಂತ್ರದಂತೆ ಕಂಡರೂ ಪ್ರತಿಯೊಂದು ಅಕ್ಷರಕ್ಕೂ ಅರ್ಥವಿದೆ. 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಮಗ್ಗುಲಿನ ಎತ್ತರ ಆ ಅಗಲದ ನೂರಕ್ಕೆ 80. ಆರ್ ಎಂದರೆ ರೇಡಿಯಲ್. 14 ಅಂಗುಲದ ಗಾಲಿ. 85 ಎಂಬುದು ಹೊರೆಯ ಅಂಕ; ಒಂದು ಟೈರು 515 ಕಿಲೋ ಹೊರಬಲ್ಲುದು ಎಂದರ್ಥ. ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನವರೆಗಿನ ವೇಗವನ್ನು ತಾಳಬಲ್ಲುದು. ನಾವು 80ನ್ನು ದಾಟದವರು, ನಮಗೇಕೆ 190 ಎಂದು ಕೇಳಿದ್ದಕ್ಕೆ ಶಿಷ್ಯರು, “ವೇಗ ಹೆಚ್ಚಿದಂತೆ ಕಾವು ಹೆಚ್ಚುತ್ತದೆ ಗುರುಗಳೇ. ಆ ಅಕ್ಷರ ಅದು ತಾಳಬಲ್ಲ ಕಾವಿನ ಅಳತೆಯೂ ಹೌದು. ಇದ್ದುದಕ್ಕಿಂತ ಕೆಳಗಿನದನ್ನು ಮಾತ್ರ ಕೊಳ್ಳಬೇಡಿ” ಎಂದಿದ್ದರು.

ಅಂಗಡಿಯವರು, “ನಿಮ್ಮ ಅಳತೆ ಸದ್ಯಕ್ಕಿಲ್ಲ, ಇದನ್ನು ಹಾಕಿಕೊಳ್ಳಿ, ಇದೂ 14 ಅಂಗುಲವೇ, ಇನ್ನೂ ಅಗಲವಿದೆ, ನಾಲ್ಕು ನೂರು ಕಡಿಮೆ” ಎಂದು ಬೇರೊಂದನ್ನು ತಂದಿಟ್ಟರು. 175/65 ಆರ್ 14, 82 ಟಿ. ಒಂದು ತಿಂಗಳ ಹಿಂದೆ ಆಗಿದ್ದರೆ ನಾಲ್ಕು ನೂರರ ಉಳಿತಾಯಕ್ಕೆ ನಾವು ತಕ್ಷಣ ಒಪ್ಪುತ್ತಿದ್ದೆವು. 82ರ ಅಂಕ ಹೊರುವುದು 475 ಕಿಲೋ. ನಾಲ್ಕು ಗಾಲಿಗಳಿಂದ 160 ಕಿಲೋ ಕಡಿಮೆ. ಅಂದರೆ ಎರಡು ದೊಡ್ಡ ಆಳುಗಳ ಭಾರಕ್ಕೂ ಮಿಗಿಲು. ಗಾಲಿಯ ಎತ್ತರವೂ ಮೂರೂವರೆ ಸೆಂಟಿಮೀಟರು ಇಳಿಯುತ್ತದೆ. ನಮ್ಮ ಹಳ್ಳಿಯ ದಾರಿಗಳಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗಲು ಅದು ಸಾಕು. ನಮ್ಮ ಅಳತೆಯದನ್ನೇ ಕೇಳಿದೆವು.

ಎರಡನೆಯ ಅಂಗಡಿಯಲ್ಲಿ ಅಳತೆ ಸರಿಯಿತ್ತು, ಬೆಲೆಯಲ್ಲಿಯೂ ರಿಯಾಯಿತಿ ಇತ್ತು. ಕನ್ನಡಕವನ್ನು ಹಾಕಿಕೊಂಡು ಬಗ್ಗಿ ಜಾತಕ ನೋಡಿದೆವು: 0522. ಎರಡು ವರ್ಷ ಹಳೆಯದು. ತಂಪು ಜಾಗದಲ್ಲಿ, ಬೆಳಕು ಬೀಳದಂತೆ ಇಟ್ಟ ಟೈರು ಅಷ್ಟರಿಂದ ಕೆಡದೆಂದು ತಿಳಿದವರು ಹೇಳುತ್ತಾರೆ. ಆದರೆ ಇವರ ದಾಸ್ತಾನು ಇದ್ದುದು ತಗಡಿನ ಶೆಡ್ಡಿನಲ್ಲಿ, ಮುಂಭಾಗದವು ಬಿಸಿಲಿಗೇ. ಬಿಟ್ಟುಬಂದೆವು. ಅಲ್ಲಿಯೇ ಮೂಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಹಳೆಯ ಟೈರುಗಳನ್ನು ಅರ್ಧ ಬೆಲೆಗೆ ಮಾರಲು ಇಟ್ಟಿದ್ದರು. ಹೊಳಪಿನ ಎಣ್ಣೆ ಬಿರುಕನ್ನು ಮುಚ್ಚುತ್ತದೆ, ಮಾಗಿಸುವುದಿಲ್ಲ.

ಮೂರನೆಯ ಅಂಗಡಿಯಲ್ಲಿ 1424 ಎಂಬ ಅಂಕಿಯವು ಸಿಕ್ಕವು. ಎರಡು ತಿಂಗಳ ಕೂಸುಗಳು. ಐ.ಎಸ್.ಐ. ಮುದ್ರೆ ಇತ್ತು. ಕಾವನ್ನು ತಾಳುವ ಶಕ್ತಿಯನ್ನು ಎ, ಬಿ, ಸಿ ಎಂಬ ಶ್ರೇಣಿಗಳಲ್ಲಿ ತೋರಿಸುವ ಅಮೇರಿಕದ ಪದ್ಧತಿಯ ಗುರುತೂ ಕೆಲವು ಟೈರುಗಳ ಮೇಲೆ ಇರುತ್ತದೆ. ಎ ಉತ್ತಮ, ಸಿ ಕನಿಷ್ಠ. ನಮ್ಮದರ ಮೇಲೆ ಎ ಇತ್ತು. ಇದರ ನಡುವೆ ಅಮೇರಿಕದಲ್ಲಿರುವ ನಮ್ಮ ಅಳಿಯಂದಿರು ಫೋನಿನಲ್ಲಿ, ಎಲ್ಲ ಋತುಗಳಿಗೂ ಆಗುವಂತಹ ಟೈರನ್ನು ಕೊಳ್ಳಿರೆಂದು ಸಲಹೆ ಕೊಟ್ಟಿದ್ದರು. ಅವರು ಇರುವ ಊರಿನಲ್ಲಿ ಹಿಮ ಬೀಳುತ್ತದೆ. ಚಳಿಯಲ್ಲಿಯೂ ಸೆಟೆಯದಂತೆ ಮೆತ್ತಗಿನ ರಬ್ಬರು ಅಲ್ಲಿಗೆ ಬೇಕು. ನಮ್ಮ ಋತುಗಳೋ ಬಿಸಿಲು, ಮಳೆ, ಮತ್ತೆ ಬಿಸಿಲು. ಹಾಗೆಂದು ಬಹಳ ಬಾಳಿಕೆ ಬರಲೆಂದು ಅತಿ ಗಟ್ಟಿಯಾದದ್ದನ್ನು ಆರಿಸಿದರೂ ಹಿಡಿತ ಕಡಿಮೆಯಾಗುತ್ತದೆ. ಮೃಗಶಿರಾ ಮಳೆ ಬಿದ್ದು ಟ್ರಾಕ್ಟರುಗಳು ಎರೆಮಣ್ಣನ್ನು ರಸ್ತೆಗೆ ತಂದು ಬಳಿದ ಮೇಲೆ ಆ ಹಿಡಿತದ ಬೆಲೆ ಗೊತ್ತಾಗುತ್ತದೆ. ಗೀರು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೂ ಕಾರಿನ ಟೈರು ಮುಗಿಯಿತು. ಗೀರಿನ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ದಿಣ್ಣೆಗಳು ಬಟನಿನ ಸಮಕ್ಕೆ ಬಂದರೆ ಅದೇ ಗುರುತು. ಮಳೆಗಾಲವನ್ನು ನೆನೆದರೆ 3 ಮಿಲಿಮೀಟರಿಗೇ ಬದಲಿಸುವುದು ಲೇಸು.

ಐದನ್ನೂ ಕೊಂಡೆವು, ಒಂದಕ್ಕೆ 4,600ರಂತೆ 23 ಸಾವಿರ ರೂಪಾಯಿ. ಎರಡನ್ನು ಮಾತ್ರ ಬದಲಿಸುವ ಮನೆಯವರು ಇದ್ದರೆ ಒಂದು ಮಾತು ಹೇಳಬೇಕು: ಹೊಸವನ್ನು ಮುಂದೆ ಹಾಕಬೇಕೆಂದು ನಮ್ಮಲ್ಲಿ ನಂಬಿಕೆಯುಂಟು. ಟೈರು ತಯಾರಕರು ಹೇಳುವುದು ಇದಕ್ಕೆ ವಿರುದ್ಧ. ನೀರು ನಿಂತ ರಸ್ತೆಯಲ್ಲಿ ಹಿಂದಿನ ಗಾಲಿ ಜಾರಿದರೆ ಕಾರು ತಿರುಗಿಬಿಡುತ್ತದೆ, ಅದನ್ನು ಹಿಡಿಯುವುದು ಸಾಮಾನ್ಯ ಚಾಲಕರಿಗೆ ಸಾಧ್ಯವಿಲ್ಲ. ಆದುದರಿಂದ ಒಳ್ಳೆಯವು ಹಿಂದೆ ಇರಬೇಕು. ಹಣ ಕೊಡಿಸಿದ ಭಕ್ತರ ಮನೆಗಳಿಗೆ ನಾವೇ ಹೋಗಿ ಲೆಕ್ಕ ಒಪ್ಪಿಸಿದೆವು, ನಮ್ಮ ತಪ್ಪನ್ನೂ ಹೇಳಿದೆವು. ಆ ಎರಡು ಎಕರೆಯ ಒಕ್ಕಲಿಗರು, “ಮೊದಲೇ ಹೇಳೂದಲ್ಲೇನ್ರೀ” ಎಂದರು, ಅಷ್ಟೇ.

ಈಗ ಕಾರು ಬೇವಿನ ನೆರಳಿನಲ್ಲಿ ನಿಲ್ಲುತ್ತದೆ. ಪ್ರವಚನವಿಲ್ಲದ ವಾರಗಳಲ್ಲಿಯೂ ಸೋಮವಾರ ಬೆಳಿಗ್ಗೆ ಚಾಲಕ ಬಂದು ಒಂದು ಸುತ್ತು ಓಡಿಸಿಕೊಂಡು ಬರುತ್ತಾನೆ. ಹವಾ ನೋಡುವ ಸಣ್ಣ ಯಂತ್ರವೊಂದನ್ನು ಕೊಂಡಿದ್ದೇವೆ. ಅದನ್ನು ಹಿಡಿದು ಅಂಕಿಯನ್ನು ಓದುವ ಅಧಿಕಾರ ಮೊಮ್ಮಗಳದು.

ಹಳೆಯ ಟೈರುಗಳನ್ನು ಕೊಟ್ಟರೆ ಒಂದಕ್ಕೆ ಇನ್ನೂರು ಕೊಡುತ್ತೇವೆಂದು ಅಂಗಡಿಯವರು ಹೇಳಿದ್ದರು. ಅವು ಎಣ್ಣೆ ಹಚ್ಚಿಸಿಕೊಂಡು ಮತ್ತೊಂದು ಮದುವೆಯ ಗಾಡಿಗೆ ಏರಿಯಾವೆಂದು ನಾವು ಕೊಡಲಿಲ್ಲ. ಚಾಲಕನಿಂದ ಮೂರರ ಮಗ್ಗುಲನ್ನು ಕೊಯ್ಯಿಸಿ ರದ್ದಿಗೆ ಹಾಕಿದೆವು. ಒಡೆದದ್ದು ಆ ಪಂಚರ್ ಅಂಗಡಿಯಲ್ಲಿಯೇ ಉಳಿದಿತ್ತು. ಉಳಿದದ್ದು ಸ್ಟೆಪ್ನಿ. ಆ ಮೇ ತಿಂಗಳವರೆಗೆ ನೆಲವನ್ನೇ ಮುಟ್ಟಿರದಿದ್ದ ಅದು ನೋಡಲು ಹೊಸದೇ ಆಗಿತ್ತು, ಆದರೆ ಅದರ ಮೇಲೂ ಇದ್ದದ್ದು 1116. ಅದನ್ನೂ ಕೊಯ್ಯಲು ಹೊರಟಾಗ ಮೊಮ್ಮಗಳು ತಡೆದಳು. ನಾಗರ ಪಂಚಮಿಗೆ ಅವಳೂ ಓಣಿಯ ಹುಡುಗಿಯರೂ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಅದನ್ನೇ ಜೋಕಾಲಿ ಮಾಡಿಕೊಂಡರು.